ಹೋರಿ ಹೊಟ್ಟೆಯ ಜೇನು

ಕರಿಬೇವಿನ ಎಲೆಯ ಮೇಲೆ ಚಿಮ್ಮಿ ಚಿಮ್ಮಿ ಕೂರುವ ಹಸಿರು ಮಿರುಗಿನ ಉದ್ದಗಾಲಿನ ನೊಣಗಳ ಬಗ್ಗೆ ಬರೆಯುತ್ತೇನೆ ಎಂದು ಹೋದ ವಾರ ಹೇಳಿದ್ದೆ. ಅವು ಇನ್ನೊಂದು ವಾರ ಕಾಯಲಿ. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹುಡುಗ ಮೊಬೈಲು ಹಿಡಿದುಕೊಂಡು ಬಂದ.

‘ಅಂಕಲ್, ನಿಮ್ಮ ತುಳಸಿ ಗಿಡದಲ್ಲಿ ತೆಗೆದೆ. ಇದು ಯಾವ ಜೇನು?’

ನೋಡಿದೆ. ಕಣ್ಣಿನ ತುಂಬ ಎಳ್ಳು ಚೆಲ್ಲಿದ ಹಾಗೆ ಚುಕ್ಕಿ. ‘ಜೇನಲ್ಲಪ್ಪ, ನೊಣ’ ಅಂದೆ.

‘ಜೇನುನೊಣಾನೂ ನೊಣಾನೇ ಅಲ್ವಾ?’

ತಪ್ಪು ಅವನದಲ್ಲ, ನಮ್ಮ ಭಾಷೆಯದು. ನಾಲ್ಕು ರೆಕ್ಕೆಯ ಜೇನಿಗೆ ಕನ್ನಡ ಯಾವತ್ತೋ ನೊಣ ಅಂತ ಹೆಸರಿಟ್ಟುಬಿಟ್ಟಿದೆ. ಎರಡೇ ರೆಕ್ಕೆಯ ಈ ಹೂನೊಣ ಜೇನಿನ ವೇಷ ಹಾಕಿಕೊಂಡು ತಿರುಗುತ್ತದೆ. ಹುಡುಗರು ಯಾರನ್ನು ನಂಬಬೇಕು?

ಅವನ ಮೊಬೈಲಿನ ಆ್ಯಪ್ ಅಷ್ಟರಲ್ಲಿ ಪ್ರಭೇದದ ಹೆಸರನ್ನೂ ಒದರಿಬಿಟ್ಟಿತ್ತು. ಎರಿಸ್ಟಲೈನಸ್ ಕುಲ ಅನ್ನುವವರೆಗೆ ನನ್ನ ತಕರಾರಿಲ್ಲ. ಚುಕ್ಕಿಗಣ್ಣು ಇದೆ, ರೆಕ್ಕೆಯ ಉದ್ದ ನರ ನಡುವೆ ಜೋಕಾಲಿ ಹಗ್ಗದಂತೆ ಕೆಳಕ್ಕೆ ಜಗ್ಗಿದೆ. ಆದರೆ ಮುಖ ಕಾಣದೆ, ಕಾಲಿನ ಬಣ್ಣ ಕಾಣದೆ ಅದರಾಚೆ ಹೆಜ್ಜೆ ಇಡುವುದು ಜಾತಕ ನೋಡದೆ ಮುಹೂರ್ತ ಇಟ್ಟ ಹಾಗೆ. ಕುಲದ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಕೂರಲು ಈ ಆ್ಯಪ್‌ಗಳಿಗೆ ಯಾರಾದರೂ ಕಲಿಸಬೇಕು.

ನಿಜ ಹೇಳಬೇಕೆಂದರೆ, ಆ್ಯಪಿನವರಿಗಿಂತ ಫ್ರಿಜ್ಜಿನವರ ಮೇಲೆ ನನಗೆ ಸಿಟ್ಟು ಜಾಸ್ತಿ. ನೊಣವನ್ನು ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ, ಮೂವತ್ತು ನಲವತ್ತು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಮುಖ ಒಂದನ್ನೇ ಪಾಸ್‌ಪೋರ್ಟ್ ಫೋಟೊದಂತೆ ತೆಗೆಯುತ್ತಾರೆ. ಬಹುಮಾನವೂ ಬರುತ್ತದೆ. ರೆಕ್ಕೆ ಮಾತ್ರ ಮಸುಕು! ಹೂನೊಣದ ರೆಕ್ಕೆಯ ನಡುವೆ ಯಾವ ನರಕ್ಕೂ ಸೇರದೆ ಅನಾಥವಾಗಿ ಹಾದುಹೋಗುವ ಆ ಸುಳ್ಳು ನರ ಕಾಣದ ಮೇಲೆ, ‘ಫೌನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ 1923ರ ಸಂಪುಟ ತೆರೆದು ಏನು ಪ್ರಯೋಜನ? ಅದನ್ನು ಬರೆದ ಎನ್ರಿಕೊ ಬ್ರುನೆಟ್ಟಿ ಸಂಗೀತಗಾರ. ಕಲ್ಕತ್ತೆಯಲ್ಲಿದ್ದುಕೊಂಡು ನೊಣಗಳ ಬೆನ್ನು ಹತ್ತಿದವನು. ನೊಣ ಹೊಡೆಯುವುದೆಂದರೆ ಸೋಮಾರಿತನ ಅನ್ನುವವರು ಆ ಸಂಪುಟವನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡಲಿ. ಬಿಸಿಲಲ್ಲಿ ನಿಂತು ಹುಡುಗ ತೆಗೆದ ಚಿತ್ರದಲ್ಲಿ ರೆಕ್ಕೆಯಾದರೂ ಸ್ಪಷ್ಟವಾಗಿತ್ತು.

ಆದರೂ ಅವನ ಮುಖ ಬಾಡಿತ್ತು. ಸಮಾಧಾನಕ್ಕೆಂದು ವರ್ಜಿಲನ ಕತೆ ಹೇಳಿದೆ. ಕ್ರಿಸ್ತಪೂರ್ವ 29ರ ಸುಮಾರಿಗೆ ಮುಗಿಸಿದ ‘ಜಾರ್ಜಿಕ್ಸ್’ನ ನಾಲ್ಕನೆಯ ಭಾಗದಲ್ಲಿ, ಸಾಕಿದ ಜೇನೆಲ್ಲ ಸತ್ತುಹೋದರೆ ಹೊಸ ಜೇನು ಹುಟ್ಟಿಸುವ ವಿಧಾನವನ್ನು ಆ ಮಹಾಕವಿ ಹೇಳುತ್ತಾನೆ. ಇಕ್ಕಟ್ಟಾದ ಕೋಣೆ, ಅದಕ್ಕೆ ನಾಲ್ಕು ಗಾಳಿಗೆ ನಾಲ್ಕು ಕಿಟಕಿ. ಎರಡು ವರ್ಷದ ಹೋರಿಯ ಮೂಗು ಬಾಯಿ ಕಟ್ಟಿ, ಚರ್ಮ ಹರಿಯದ ಹಾಗೆ ಬಡಿದು ಕೊಂದು, ಸುವಾಸನೆಯ ಸೊಪ್ಪು ಹಾಸಿ ಮಲಗಿಸಬೇಕಂತೆ. ಓದುವಾಗ ಹೊಟ್ಟೆ ತೊಳಸುತ್ತದೆ. ಒಳಗೆ ಕೊಳೆತು ಹದ ಬಂದಾಗ ಮೊದಲು ಕಾಲಿಲ್ಲದ ಹುಳು, ಆಮೇಲೆ ರೆಕ್ಕೆ, ಕೊನೆಗೆ ಬೇಸಿಗೆಯ ಮಳೆಯಂತೆ ಜೇನೋ ಜೇನು.

ಇದನ್ನು ಜನ ಶತಮಾನಗಳ ಕಾಲ ನಂಬಿದರು. ಅಲ್ಲಿಂದ ಎದ್ದದ್ದು ಜೇನಲ್ಲ, ಜೇನಿನ ವೇಷದ ಎರಿಸ್ಟಾಲಿಸ್ ನೊಣ ಎಂದು 1894ರಲ್ಲಿ ಪುಸ್ತಕ ಬರೆದು ವಾದಿಸಿದವನು ಓಸ್ಟೆನ್ ಸಾಕೆನ್. ರಷ್ಯದ ರಾಜತಾಂತ್ರಿಕನಾಗಿದ್ದು, ನೊಣಗಳಿಗೇ ಬದುಕು ಕೊಟ್ಟ ಮನುಷ್ಯ. ನಮ್ಮ ತುಳಸಿಯ ನೊಣ ಆ ಎರಿಸ್ಟಾಲಿಸ್‌ನ ದಾಯಾದಿ. ಇವುಗಳ ಮರಿಹುಳು ಕೊಳೆತ ನೀರಿನಲ್ಲಿ ಮುಳುಗಿರುತ್ತದೆ, ಬಾಲವನ್ನು ಕೊಳವೆಯಂತೆ ಮೇಲಕ್ಕೆ ಚಾಚಿ ಉಸಿರಾಡುತ್ತದೆ.

‘ಹಾಗಾದ್ರೆ ನಿಮ್ಮನೇಲಿ ಏನು ಸತ್ತಿದೆ ಅಂಕಲ್?’ ಅಂದ ಹುಡುಗ.

ಅಡುಗೆಮನೆ ಕಿಟಕಿಯಿಂದ ನಮ್ಮನೆಯವರ ದನಿ ಬಂತು: ‘ಹಿತ್ತಲಲ್ಲಿರೋ ಆ ಸಗಣಿ ನೀರಿನ ಬಕೆಟ್ ನೋಡು ಪುಟ್ಟ. ಎರಡು ತಿಂಗಳಿಂದ ಚೆಲ್ಲಿ ಅಂತಿದೀನಿ.’

ಇಬ್ಬರೂ ಮೂಗು ಮುಚ್ಚಿಕೊಂಡು ಬಗ್ಗಿದೆವು. ಕೆನೆಗಟ್ಟಿದ ನೀರಿನ ಮೇಲೆ ನೂಲಿನಂಥ ಏಳೆಂಟು ಬಾಲ ಆಡುತ್ತಿದ್ದವು. ಹುಡುಗ ಮೊಬೈಲು ತೆಗೆದ.

‘ಪಕ್ಕದಿಂದ ತೆಗಿ,’ ಅಂದೆ, ‘ಬಾಲ ಪೂರ್ತಿ ಬರಲಿ.’