ಮೊದಲ ಪಿಸ್ತೂಲು: ಜೇಬಿನ ಅಳತೆ, ಕೈಯ ಅಳತೆ

ಅಮೆರಿಕದ ಬಂದೂಕಿನಂಗಡಿಗೆ ಮೊದಲ ಸಲ ಹೋಗಿ, ಬಟ್ಟೆಯೊಳಗೆ ಮರೆಮಾಡಿ ಒಯ್ಯಲು ಒಂದು ಪಿಸ್ತೂಲು ಬೇಕೆಂದರೆ, ಗಾಜಿನ ಪೆಟ್ಟಿಗೆಯಿಂದ ಸಾಮಾನ್ಯವಾಗಿ ಹೊರಬರುವುದು ಅಲ್ಲಿರುವುದರಲ್ಲೇ ಪುಟ್ಟದು. ಕೇಳಿದವರು ಹೆಂಗಸಾಗಿದ್ದರೆ, ವಯಸ್ಸಾದವರಾಗಿದ್ದರೆ ಇನ್ನೂ ಪುಟ್ಟದು. ಅಂಗೈಯೊಳಗೆ ಅಡಗುತ್ತದೆ, ಭಾರವಿಲ್ಲ, ಪ್ಯಾಂಟಿನ ಜೇಬಿಗೆ ಹಿಡಿಸುತ್ತದೆ. ಕೊಳ್ಳುವವರಿಗೂ ಇದೇ ಸರಿ ಅನ್ನಿಸಿಬಿಡುತ್ತದೆ. ಈ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲ ಪಿಸ್ತೂಲನ್ನು ಅಳೆಯಬೇಕಾದದ್ದು ಎರಡೇ ಪ್ರಶ್ನೆಗಳಿಂದ. ಬೇಡದ ಹೊತ್ತಿನಲ್ಲಿ ಟ್ರಿಗರ್ ಒತ್ತಿಹೋಗದಂತೆ ತಡೆಯಲು ಏನಿದೆ? ಬೇಕೇಬೇಕಾದ ಹೊತ್ತಿನಲ್ಲಿ ಒತ್ತಿದರೆ ಗುಂಡು ಹೋಗಬೇಕಾದಲ್ಲಿಗೇ ಹೋಗುತ್ತದೆಯೇ? ಜೇಬಿಗೆ ಹಿಡಿಸುತ್ತದೆಯೇ ಎಂಬುದು ಇವೆರಡರ ನಂತರ ಬರುವ ಮಾತು.

ಈ ವಿಚಾರ ಈಗ ಹೆಚ್ಚು ತುರ್ತಾಗಿದೆ. ನ್ಯೂಯಾರ್ಕ್‌ನಲ್ಲಿ ಪಿಸ್ತೂಲು ಒಯ್ಯಲು ಲೈಸೆನ್ಸ್ ಬೇಕಿದ್ದರೆ ವಿಶೇಷ ಕಾರಣ ತೋರಿಸಬೇಕು ಎಂಬ ನೂರು ವರ್ಷಕ್ಕೂ ಹಳೆಯ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಬ್ರೂಯೆನ್ ಪ್ರಕರಣದಲ್ಲಿ ರದ್ದು ಮಾಡಿತು. 2024ರ ಹೊತ್ತಿಗೆ 50 ರಾಜ್ಯಗಳ ಪೈಕಿ 29ರಲ್ಲಿ ಲೈಸೆನ್ಸೇ ಇಲ್ಲದೆ ಪಿಸ್ತೂಲನ್ನು ಮರೆಯಲ್ಲಿಟ್ಟುಕೊಂಡು ಓಡಾಡಬಹುದಾಗಿದೆ. ಲೈಸೆನ್ಸ್ ಹೋದಲ್ಲಿ ಅದರ ಜೊತೆಗಿದ್ದ ಕಡ್ಡಾಯ ತರಬೇತಿಯೂ ಹೋಯಿತು. ಅಂಗಡಿಯಲ್ಲಿ ಕೊಳ್ಳುವಾಗ ವಯಸ್ಸು 21 ಆಗಿರಬೇಕು, ಅರ್ಜಿ ತುಂಬಬೇಕು, ಸರ್ಕಾರದ ಹಿನ್ನೆಲೆ ಪರಿಶೀಲನೆ ದಾಟಬೇಕು. ಆ ಪರಿಶೀಲನೆ ಕೊಳ್ಳುವವರ ಪೂರ್ವಾಪರ ನೋಡುತ್ತದೆಯೇ ಹೊರತು ಅವರಿಗೆ ಬಂದೂಕು ಹಿಡಿಯಲು ಬರುತ್ತದೆಯೇ ಎಂದು ನೋಡುವುದಿಲ್ಲ. ತರಬೇತಿ ಕಲಿಸಬೇಕಾದದ್ದನ್ನೂ ಅಂಗಡಿಯವರ ಸಲಹೆಯೇ ತುಂಬಿಕೊಡಬೇಕಾಗಿದೆ. ಸಲಹೆ ತಪ್ಪಾದರೆ ತಿದ್ದುವವರಿಲ್ಲ.

ಅಲ್ಲಿ ನೆಲೆಸಿರುವ ನಮ್ಮವರಿಗೆ ಇನ್ನೊಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಒಕ್ಕೂಟದ ಕಾನೂನೇ ನಿಷೇಧಿಸಿದೆ. ಬೇಟೆಯ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಪಡೆದವರಿಗೆ, ನಾಗರಿಕರಾದವರಿಗೆ ಆ ಅಡ್ಡಿಯಿಲ್ಲ. ಅಕ್ಕಪಕ್ಕದವರೆಲ್ಲ ಇಟ್ಟುಕೊಂಡಿದ್ದಾರೆಂದು ವೀಸಾದಲ್ಲಿರುವವರು ಅಂಗಡಿಯ ಮೆಟ್ಟಿಲು ಹತ್ತಬಾರದು.

ಪುಟ್ಟ ಪಿಸ್ತೂಲುಗಳಿಂದಲೇ ಆರಂಭಿಸೋಣ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿ ಈ ಜಾತಿಗೆ ಮಾದರಿ. ಗುಂಡು ತುಂಬದಿದ್ದಾಗ ತೂಕ ಸುಮಾರು 270 ಗ್ರಾಂ. ಅಡಗಿಸುವ ಮಟ್ಟಿಗೆ ಇದಕ್ಕೆ ಪೂರ್ಣ ಅಂಕ. ಆದರೆ ಬಂದೂಕು ಹಗುರಾದಷ್ಟೂ ಹಿಂದಕ್ಕೆ ಒದೆಯುವುದು ಜಾಸ್ತಿ. ಹಿಡಿಕೆಯ ಮೇಲೆ ಎರಡು ಬೆರಳು ಕೂತರೆ ಹೆಚ್ಚು, ಕಿರುಬೆರಳಿಗೆ ಜಾಗವಿಲ್ಲ. ಗುರಿ ನೋಡುವ ಮುಂದಿನ ಮೊನೆಗೂ ಹಿಂದಿನ ಕಚ್ಚಿಗೂ ನಡುವಿನ ಅಂತರ ಕಡಿಮೆ, ಹಾಗಾಗಿ ಕೈ ಕೂದಲೆಳೆಯಷ್ಟು ವಾಲಿದರೂ ಗುಂಡು ದೂರ ತಪ್ಪುತ್ತದೆ. ವರ್ಷಗಟ್ಟಲೆ ಪಳಗಿದ ಕೈ ಇದನ್ನೆಲ್ಲ ನಿಭಾಯಿಸುತ್ತದೆ. ಹೊಸಬರು ಒಂದೆರಡು ಮ್ಯಾಗಜಿನ್ ಖಾಲಿ ಮಾಡುವಷ್ಟರಲ್ಲಿ ಅಂಗೈ ನೊಂದು, ಮುಂದಿನ ವಾರ ಶೂಟಿಂಗ್ ರೇಂಜಿಗೆ ಹೋಗಲು ಮನಸ್ಸೇ ಬರುವುದಿಲ್ಲ. ಅಭ್ಯಾಸವನ್ನೇ ಬಿಡಿಸುವ ಬಂದೂಕು ಮೊದಲ ಬಂದೂಕಾಗಲು ಯೋಗ್ಯವಲ್ಲ.

ಎರಡನೆಯ ರೂಢಿಯ ಸಲಹೆ ಪುಟ್ಟ ರಿವಾಲ್ವರ್. ಸ್ಮಿತ್ ಅಂಡ್ ವೆಸನ್ ಕಂಪನಿ 1950ರಲ್ಲಿ ತಂದ ಐದು ಗುಂಡಿನ ರಿವಾಲ್ವರಿನ ವಂಶದ್ದು ಇಂದಿನ ಮಾಡೆಲ್ 642. ತೂಕ ಸುಮಾರು 410 ಗ್ರಾಂ. ಇದರ ಪರವಾಗಿ ಹೇಳುವುದು ಬಹಳವಿದೆ. ಪಿಸ್ತೂಲಿನಲ್ಲಿರುವಂತೆ ಹಿಂದಕ್ಕೆ ಎಳೆಯಬೇಕಾದ ಮೇಲಿನ ಭಾಗ, ಅಂದರೆ ಸ್ಲೈಡ್, ಇಲ್ಲ. ಸಿಲಿಂಡರ್ ಹೊರಚಾಚಿದರೆ ಗುಂಡು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಟ್ರಿಗರ್ ಒತ್ತಲು ಐದು ಕಿಲೋಗೂ ಹೆಚ್ಚಿನ ಬಲ, ಅದೂ ಉದ್ದಕ್ಕೆ ಎಳೆಯಬೇಕು. ಅಕಸ್ಮಾತ್ತಾಗಿ ಒತ್ತಿಹೋಗುವುದು ಕಷ್ಟ. ನನ್ನ ಮೊದಲ ಪ್ರಶ್ನೆಗೆ ಇಷ್ಟು ಚೆನ್ನಾಗಿ ಉತ್ತರಿಸುವ ಕೈಬಂದೂಕು ಅಪರೂಪ. ಎರಡನೆಯ ಪ್ರಶ್ನೆಯಲ್ಲಿ ಸೋಲುವುದೂ ಆ ಗುಣದಿಂದಲೇ. ಅರ್ಧ ಕಿಲೋ ಕೂಡ ತೂಗದ ವಸ್ತುವಿನ ಮೇಲೆ ಐದು ಕಿಲೋ ಬಲ ಹಾಕಿದಾಗ ನಳಿಗೆ ಅಲುಗದೆ ನಿಲ್ಲುವುದು ಬಹಳ ಅಭ್ಯಾಸದ ಫಲ. ಹೆಂಗಸರಿಗೆ ಇದೇ ಸುಲಭ ಎಂದು ಕೊಡುವುದು ಅವರ ಕೈಯನ್ನು ಕೇಳದೆ ಮಾಡಿದ ತೀರ್ಮಾನ. ಸ್ಲೈಡ್ ಎಳೆಯುವುದು ನಿಜಕ್ಕೂ ಕಷ್ಟವಾದವರಿಗೆ ಅದೇ ಕಂಪನಿ 2018ರಲ್ಲಿ ತಂದ ಶೀಲ್ಡ್ ಈಝೀ ಇದೆ. ಸ್ಪ್ರಿಂಗ್ ಮೆದು, .380 ಗುಂಡಿನ ಒದೆತವೂ ಮೃದು, ಹಿಡಿಕೆಯನ್ನು ಸರಿಯಾಗಿ ಅದುಮಿ ಹಿಡಿಯದೆ ಗುಂಡು ಹಾರುವುದಿಲ್ಲ. ಸಂಧಿವಾತದ ಬೆರಳುಗಳಿಗೆ ರಿವಾಲ್ವರಿಗಿಂತ ಇದು ಎಷ್ಟೋ ಮೇಲು.

2018ರಲ್ಲೇ ಬಂದ ಸಿಗ್ ಪಿ365 ಈ ಮಾರುಕಟ್ಟೆಯ ಲೆಕ್ಕವನ್ನೇ ಬದಲಿಸಿತು. ಸುಮಾರು 500 ಗ್ರಾಂ ತೂಕದ, ಅಂಗೈಯಗಲದ 9 ಎಂಎಂ ಪಿಸ್ತೂಲಿನಲ್ಲಿ ಹತ್ತು ಗುಂಡಿನ ಮ್ಯಾಗಜಿನ್ ಕೂರಿಸಿದ್ದು ಎಂಜಿನಿಯರಿಂಗ್ ದೃಷ್ಟಿಯಿಂದ ದೊಡ್ಡ ಸಾಧನೆ. ಮರುವರ್ಷ ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್ ಅದೇ ದಾರಿ ಹಿಡಿಯಿತು. ಎಲ್‌ಸಿಪಿಗಿಂತ ಇವು ಕೈಗೆ ಬಹಳ ಒಳ್ಳೆಯವು. ಆದರೂ ಹಿಡಿಕೆ ಗಿಡ್ಡ, 9 ಎಂಎಂ ಗುಂಡಿನ ಒದೆತ ಚುರುಕು. ಎರಡನೆಯ ಪಿಸ್ತೂಲಾಗಿ ಇವನ್ನು ಒಪ್ಪುತ್ತೇನೆ.

ಮೊದಲ ಪಿಸ್ತೂಲಾಗಿ ನನ್ನ ಆಯ್ಕೆ ಗ್ಲಾಕ್ 19 ಅಥವಾ ಆ ಅಳತೆಯ ಇನ್ನೊಂದು. 1988ರಿಂದ ಮಾರುಕಟ್ಟೆಯಲ್ಲಿದೆ. ಖಾಲಿ ತೂಕ ಸುಮಾರು 600 ಗ್ರಾಂ, ನಳಿಗೆ ನಾಲ್ಕು ಇಂಚು, ಮ್ಯಾಗಜಿನ್‌ನಲ್ಲಿ 15 ಗುಂಡು. ಹೆಚ್ಚಿನವರ ಕೈಗೆ ಮೂರು ಬೆರಳೂ ಹಿಡಿಕೆಯ ಮೇಲೆ ಕೂರುತ್ತವೆ. ತೂಕವೇ ಒದೆತವನ್ನು ಒಂದಷ್ಟು ನುಂಗಿಕೊಳ್ಳುತ್ತದೆ. ಒಂದು ಮಧ್ಯಾಹ್ನವಿಡೀ ಅಭ್ಯಾಸ ಮಾಡಿದರೂ ಕೈ ಸೋಲುವುದಿಲ್ಲ. ಅಡಗಿಸುವುದು ಕಷ್ಟವಲ್ಲವೇ ಎಂದರೆ, ಸ್ವಲ್ಪ ಕಷ್ಟವೇ. ಗಟ್ಟಿ ಬೆಲ್ಟ್, ಸಡಿಲ ಅಂಗಿ ಬೇಕು. ಉಡುಪಿಗೆ ತಕ್ಕ ಬಂದೂಕು ಹುಡುಕುವ ಬದಲು ಕೈಗೆ ಒಗ್ಗಿದ ಬಂದೂಕಿಗೆ ತಕ್ಕಂತೆ ಉಡುಪು ಬದಲಿಸುವುದು ಸರಿಯಾದ ಕ್ರಮ.

ಗ್ಲಾಕ್ ಅನ್ನು ಹೊಗಳುವಾಗ ಅದರ ಮಿತಿಯನ್ನೂ ಹೇಳಲೇಬೇಕು. ಟ್ರಿಗರಿನ ಮುಖದ ಮೇಲೆ ಒಂದು ಕಿರಿದಾದ ಪಟ್ಟಿ ಇದೆ. ಅದನ್ನು ಒತ್ತದೆ ಟ್ರಿಗರ್ ಹಿಂದೆ ಸರಿಯದು. ಒಳಗೆ ಇನ್ನೆರಡು ತಡೆಗಳಿವೆ. ನೆಲಕ್ಕೆ ಬಿದ್ದರೆ ಸಿಡಿಯದಂತೆ ಇವು ಕಾಯುತ್ತವೆ. ಆದರೆ ಟ್ರಿಗರನ್ನು ಏನೇ ಹಿಂದಕ್ಕೆ ಒತ್ತಿದರೂ, ಅದು ಬೆರಳಾಗಲಿ, ಜಾಕೆಟ್ಟಿನ ದಾರವಾಗಲಿ, ಮೂರೂ ತಡೆಗಳು ಒಟ್ಟಿಗೆ ಸರಿದು ದಾರಿ ಬಿಡುತ್ತವೆ. ಬಿಚ್ಚಿ ಒರೆಸುವಾಗಲೂ ಟ್ರಿಗರ್ ಒತ್ತಲೇಬೇಕು. ಮ್ಯಾಗಜಿನ್ ತೆಗೆದಾಯಿತಲ್ಲ ಎಂದುಕೊಂಡವರು ನಳಿಗೆಯ ಹಿಂತುದಿಯ ಚೇಂಬರಿನಲ್ಲಿ ಉಳಿದ ಒಂದು ಗುಂಡನ್ನು ಮರೆಯುತ್ತಾರೆ. ಮ್ಯಾಗಜಿನ್ ಮೊದಲು ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆದು ಹಿಡಿದು ಚೇಂಬರನ್ನು ಕಣ್ಣಿಂದ ನೋಡಬೇಕು, ಬೆರಳಿಂದ ಮುಟ್ಟಬೇಕು. ಹೆಬ್ಬೆರಳಿನಿಂದ ಸರಿಸುವ ಸೇಫ್ಟಿ ಇರುವ ಮಾದರಿಗಳನ್ನು ಪಳಗಿದವರು ಕೆಲವರು ಬೇಡವೆನ್ನುತ್ತಾರೆ, ಗಾಬರಿಯಲ್ಲಿ ಸರಿಸಲು ಮರೆತೀರಿ ಎಂಬುದು ಅವರ ವಾದ. ಹೊಸಬರಿಗೆ, ಗ್ಲಾಕ್ 19ರ ಅಳತೆಯಲ್ಲೇ ಅದು ಇರುವ ಮಾದರಿ ಸಿಕ್ಕರೆ ಒಳ್ಳೆಯದೆಂದು ನಾನು ಹೇಳುತ್ತೇನೆ. ಅಭ್ಯಾಸದಿಂದ ಮರೆವನ್ನು ಗೆಲ್ಲಬಹುದು. ಹಾರಿಹೋದ ಗುಂಡನ್ನು ವಾಪಸು ಕರೆಯಲಾಗದು.

ಕಂಪನಿಯ ಹೆಸರೊಂದನ್ನೇ ನಂಬುವಂತೆಯೂ ಇಲ್ಲ. ಬಿದ್ದರೆ ಸಿಡಿಯಬಹುದೆಂಬ ಕಾರಣಕ್ಕೆ ಆರಂಭದ ಎಲ್‌ಸಿಪಿಗಳನ್ನು 2008ರ ಅಕ್ಟೋಬರ್‌ನಲ್ಲಿ ವಾಪಸು ಕರೆಸಿಕೊಳ್ಳಲಾಯಿತು. ಅಮೆರಿಕದ ಸೇನೆಗೆ ಆಯ್ಕೆಯಾದ ವಿನ್ಯಾಸದ ಸಿಗ್ ಪಿ320ರ ಸಾರ್ವಜನಿಕ ಮಾದರಿಯಲ್ಲೂ 2017ರಲ್ಲಿ ಇಂಥದೇ ದೋಷ ಕಂಡು, ಕಂಪನಿ ಟ್ರಿಗರ್ ಬದಲಿಸಿಕೊಡಬೇಕಾಯಿತು. ಗ್ರಾಹಕ ವಸ್ತುಗಳ ಸುರಕ್ಷತೆ ನೋಡಿಕೊಳ್ಳಲು 1972ರಲ್ಲಿ ಅಲ್ಲಿ ಆಯೋಗ ಹುಟ್ಟಿತು. ಆಟಿಕೆ, ಟೋಸ್ಟರು ಅದರ ವ್ಯಾಪ್ತಿಯಲ್ಲಿವೆ, ಬಂದೂಕು ಇಲ್ಲ. ಕಾನೂನೇ ಹಾಗೆ ಹೊರಗಿಟ್ಟಿದೆ. ದೋಷ ಕಂಡರೂ ಮಾರಾಟ ನಿಲ್ಲಿಸಿ ಎಂದು ಆ ಆಯೋಗ ಹೇಳಲಾರದು. ರಾಜ್ಯಗಳ ಪೈಕಿ ಕ್ಯಾಲಿಫೋರ್ನಿಯಾ 2001ರಿಂದ, ಬೀಳಿಸಿ ನೋಡುವ ಪರೀಕ್ಷೆಯಲ್ಲಿ ಗೆದ್ದ ಕೈಬಂದೂಕುಗಳ ಪಟ್ಟಿ ಇಟ್ಟಿದೆ. ಒಕ್ಕೂಟದ ಕಾನೂನು ಬಂದೂಕನ್ನು ಹೊರಗಿಟ್ಟಿರುವುದು ನಾಚಿಕೆಗೇಡಿನ ಲೋಪ. ಅದು ಸರಿಯಾಗುವ ತನಕ ಹೊಸಬರು ಮಾರುಕಟ್ಟೆಯಲ್ಲಿ ಕೆಲವು ವರ್ಷ ಕಳೆದ ಮಾದರಿಯನ್ನೇ ಕೊಳ್ಳಲಿ, ಸೀರಿಯಲ್ ನಂಬರನ್ನು ಕಂಪನಿಯ ವಾಪಸಾತಿ ಪಟ್ಟಿಯೊಂದಿಗೆ ತಾಳೆ ನೋಡಲಿ.

ಬಂದೂಕಿಗೆ ಕೊಟ್ಟಷ್ಟೇ ಗಮನ ಅದನ್ನಿಡುವ ಒರೆಗೂ, ಅಂದರೆ ಹೋಲ್‌ಸ್ಟರಿಗೂ, ಸಲ್ಲಬೇಕು. ಮೆತ್ತನೆಯ ಬಟ್ಟೆಯ ಚೀಲ ಬೇಡ. ಟ್ರಿಗರನ್ನು ಪೂರ್ತಿ ಮುಚ್ಚುವ, ಅದುಮಿದರೆ ಬಗ್ಗದ, ಕೈಡೆಕ್ಸ್‌ನಂಥ ಗಡಸು ಪ್ಲಾಸ್ಟಿಕ್ಕಿನದು ಬೇಕು. ಅಪಾಯದ ಗಳಿಗೆ ಪಿಸ್ತೂಲು ತೆಗೆಯುವಾಗಿನದಕ್ಕಿಂತ ಒಳಗಿಡುವಾಗಿನದು. ಸೊಂಟದ ಬಳಿ ಅಂಗಿಯ ಅಂಚು ಮಡಚಿಕೊಂಡು ಹೋಲ್‌ಸ್ಟರಿನ ಬಾಯಿಗೆ ಸಿಕ್ಕಿರುತ್ತದೆ. ನೋಡದೆ ಕೆಳಗೆ ತಳ್ಳಿದರೆ ಆ ಬಟ್ಟೆಯೇ ಬೆರಳಿನ ಕೆಲಸ ಮಾಡುತ್ತದೆ. ಅಂಗಿಯನ್ನು ಎಡಗೈಯಲ್ಲಿ ಮೇಲೆತ್ತಿ ಹಿಡಿದು, ತೋರುಬೆರಳನ್ನು ಟ್ರಿಗರಿನಿಂದ ದೂರ ನೇರವಾಗಿ ಚಾಚಿ, ತಲೆ ಬಗ್ಗಿಸಿ ನೋಡುತ್ತ ನಿಧಾನವಾಗಿ ಇಳಿಸಬೇಕು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಬೇಕು. ಒಳಗಿಡುವುದಕ್ಕೆ ಅವಸರವೇನೂ ಇರುವುದಿಲ್ಲ.

ಕೈಚೀಲದಲ್ಲಿ ಪಿಸ್ತೂಲು ಒಯ್ಯುವ ರೂಢಿಯನ್ನು ನಾನು ಪೂರ್ತಿಯಾಗಿ ತಿರಸ್ಕರಿಸುತ್ತೇನೆ. 2014ರ ಡಿಸೆಂಬರ್ 30ರಂದು ಐಡಹೋ ರಾಜ್ಯದ ಹೇಡನ್ ಊರಿನ ಅಂಗಡಿಯೊಂದರಲ್ಲಿ ಎರಡು ವರ್ಷದ ಮಗು ತಾಯಿಯ ಕೈಚೀಲದೊಳಗೆ ಕೈಹಾಕಿತು. ಪಿಸ್ತೂಲು ಇಡಲೆಂದೇ ಮಾಡಿದ, ಜಿಪ್ ಇರುವ ಚೀಲ ಅದು. ಗುಂಡು ಹಾರಿ ತಾಯಿ ಅಲ್ಲೇ ಸತ್ತರು. ಬಂದೂಕಿನಲ್ಲಿ ದೋಷವಿರಲಿಲ್ಲ. ಅದು ಮೈಮೇಲಿರದೆ ಮಗುವಿನ ಕೈಗೆ ಎಟುಕುವಲ್ಲಿತ್ತು, ಅಷ್ಟೆ.

ಪಿಸ್ತೂಲು ಯಾರ ಕೈಗೆ ಎಟುಕುತ್ತದೆ ಎಂಬ ಪ್ರಶ್ನೆಯನ್ನು ಮನೆಯಲ್ಲೂ ಕೇಳಬೇಕು. ಕೊಂಡವರ ಕೈಯೂ ಅದರಲ್ಲಿ ಸೇರಿದೆ. ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ವಯಸ್ಕರನ್ನು 2004ರಿಂದ 2016ರವರೆಗೆ ಗಮನಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಕೈಬಂದೂಕು ಹೊಂದಿದ ಗಂಡಸರಲ್ಲಿ ಹೊಂದದವರಿಗಿಂತ ಎಂಟು ಪಟ್ಟು, ಹೆಂಗಸರಲ್ಲಿ 35 ಪಟ್ಟು ಹೆಚ್ಚಿತ್ತು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳೇ. ಮನೆಯಲ್ಲಿ ಖಿನ್ನತೆಯಿಂದ ನರಳುವವರಿದ್ದರೆ, ಕುಡಿತವಿದ್ದರೆ, ಕೈಮೀರಿದ ಜಗಳಗಳಿದ್ದರೆ ಯಾವ ಮಾದರಿಯೂ ಸುರಕ್ಷಿತವಲ್ಲ. ಅಂಥ ಮನೆಗೆ ಪಿಸ್ತೂಲು ತರಬೇಡಿ ಎಂಬುದೇ ಪ್ರಾಮಾಣಿಕ ಸಲಹೆ. ಅದನ್ನು ಹೇಳದ ಮಾರ್ಗದರ್ಶನ ಅರೆಬರೆಯಾದದ್ದು.

ಇಷ್ಟರ ನಂತರವೂ ಬೇಕೆಂದು ನಿರ್ಧರಿಸಿದವರು ಮೊದಲು ರೇಂಜಿನಲ್ಲಿ ಮೂರ್ನಾಲ್ಕು ಅಳತೆಯವನ್ನು ಬಾಡಿಗೆಗೆ ಪಡೆದು ಗುಂಡು ಹಾರಿಸಿ ನೋಡಲಿ, ಕೈ ಒಪ್ಪಿದ್ದನ್ನು ಆರಿಸಲಿ. ಪಿಸ್ತೂಲಿನ ಜೊತೆಗೇ ಹೋಲ್‌ಸ್ಟರು, ಬೀಗದ ಪೆಟ್ಟಿಗೆ, ತರಬೇತಿಯ ಶುಲ್ಕ ಸೇರಿಸಿ ಬಜೆಟ್ ಹಾಕಲಿ. ಕೆಲವು ವಾರ ಖಾಲಿ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯೊಳಗೇ ಓಡಾಡಿ, ಬಗ್ಗಿ, ಕೂತು, ಎದ್ದು ನೋಡಲಿ. ಇವುಗಳಲ್ಲಿ ಒಂದಕ್ಕೆ ಪುರುಸೊತ್ತಿಲ್ಲ, ದುಡ್ಡಿಲ್ಲ ಎನ್ನುವವರು ಅದು ಆಗುವ ತನಕ ಕೊಳ್ಳುವುದನ್ನು ಮುಂದೂಡುವುದೇ ಸರಿ.