‘ಗೋವಿನ ಹಾಡು’ ಮತ್ತು ಮಗುವಿನ ಮರಣಪ್ರಜ್ಞೆ

‘ಗೋವಿನ ಹಾಡ’ನ್ನು ಸತ್ಯನಿಷ್ಠೆಯ ಕಥನವೆಂದು ಓದುವುದು ವಾಡಿಕೆ. ಆದರೆ ಕನ್ನಡದ ಎಷ್ಟೋ ಮಕ್ಕಳಿಗೆ ಅದು ಸಾವನ್ನು ಕುರಿತ ಮೊದಲ ಪಠ್ಯವೂ ಹೌದು. ಅಮೃತ ಮಹಲ್ ಕಾವಲುಗಳ, ಕಾಡುಗೊಲ್ಲ ಹಾಗೂ ಮ್ಯಾಸಬೇಡರ ಸೀಮೆಯಾದ ಚಳ್ಳಕೆರೆ-ಮೊಳಕಾಲ್ಮೂರಿನಲ್ಲಿ ಹಸು, ಕರು, ದೊಡ್ಡಿಗಳು ಕಥೆಯ ಅಲಂಕಾರಗಳಲ್ಲ. ದೇವರ ಎತ್ತು ಸತ್ತರೆ ವಿಧಿಪೂರ್ವಕವಾಗಿ ಮಣ್ಣು ಮಾಡುವುದನ್ನು ಇಲ್ಲಿನ ಮಗು ಕಣ್ಣಾರೆ ಕಂಡಿರಬಹುದು. ಅಂಥ ಮಗುವಿಗೆ ಈ ಹಾಡು ಏನನ್ನು ಕಲಿಸುತ್ತದೆ?

ಹಂಗೇರಿಯ ಮಕ್ಕಳನ್ನು ಕುರಿತು ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷದೊಳಗಿನವರು ಸಾವನ್ನು ನಿದ್ರೆ ಅಥವಾ ಪ್ರಯಾಣವೆಂದು ಬಗೆಯುತ್ತಾರೆ; ಐದರಿಂದ ಒಂಬತ್ತರವರೆಗಿನವರು ಅದನ್ನು ಹಿಡಿದೊಯ್ಯುವ ವ್ಯಕ್ತಿಯಾಗಿ ಕಲ್ಪಿಸುತ್ತಾರೆ; ಎಲ್ಲರಿಗೂ ಬರುವ, ಹಿಂದಿರುಗಲಾಗದ ಅಂತ್ಯವೆಂಬ ಅರಿವು ಅನಂತರದ್ದು. ಈ ವಯೋಮಿತಿಗಳು ಎಲ್ಲ ಸಮಾಜಗಳಿಗೂ ಒಂದೇ ಅಲ್ಲ. ಆದರೂ ಹಾಡಿನ ಹುಲಿ ಎರಡನೆಯ ಹಂತದ ಮಗುವಿಗೆ ಚಿರಪರಿಚಿತ: ಅದು ಅಡ್ಡಗಟ್ಟುವ, ಆದರೆ ಮಾತಿಗೆ ಮಣಿಯುವ ಸಾವು.

ಹಾಡಿನ ಹಿರಿಮೆ ತಾಯಿಯ ನೇರನುಡಿಯಲ್ಲಿದೆ. ಪುಣ್ಯಕೋಟಿಯು ಊರಿಗೆ ಹೋಗಿಬರುವೆನೆಂದು ಕರುವನ್ನು ನಂಬಿಸುವುದಿಲ್ಲ. ಕರುವಿನ ಪ್ರಶ್ನೆಗಳೂ ತತ್ತ್ವಜಿಜ್ಞಾಸೆಯಲ್ಲ. ಇನ್ನು ಹಾಲು ಯಾರದು, ಮಲಗುವುದು ಯಾರ ಬಳಿ ಎಂಬವು. ತಾಯಿ ಅದನ್ನು ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ. ದುಃಖಿತ ಮಗುವಿಗೆ ಸಮುದಾಯ ನೀಡಬೇಕಾದ ಮೊದಲ ಉತ್ತರ ಇದೇ.

ತೊಡಕಿರುವುದು ಮುಕ್ತಾಯದಲ್ಲಿ. ಹುಲಿ ಪ್ರಾಣ ಬಿಡುತ್ತದೆ, ತಾಯಿ ಮರಳುತ್ತಾಳೆ. ತಾಯಿಯನ್ನು ಕಳೆದುಕೊಂಡ ಮಗು ಇದನ್ನು ಕೇಳಿದಾಗ, ನನ್ನ ಅಮ್ಮನಲ್ಲಿ ಸತ್ಯ ಸಾಲದೆ ಹೋಯಿತೇ ಎಂದು ಒಳಗೇ ಕೊರಗಬಹುದು. ಪುಣ್ಯಕೋಟಿಯನ್ನು ಕ್ರಿಸ್ತನಿಗೆ ಹೋಲಿಸುವ ಪ್ರಬೋಧನೆಗಳು ಎಡವುವುದೂ ಇಲ್ಲಿಯೇ. ಪುಣ್ಯಕೋಟಿ ಸಾವಿನಿಂದ ಪಾರಾದಳು; ಕ್ರಿಸ್ತನಾದರೋ ಸತ್ತನು, ಸಮಾಧಿಯಾದನು. ನಮ್ಮ ವಿಶ್ವಾಸ ಸಂಗ್ರಹ ಈ ಎರಡನ್ನೂ ಬಿಡದೆ ಹೇಳುತ್ತದೆ. ಪುನರುತ್ಥಾನವು ಸಾವಿನಿಂದ ತಪ್ಪಿಸಿಕೊಂಡ ಕಥೆಯಲ್ಲ.

ಯೊವಾನ್ನನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯ ಗುರುಗಳಿಗೆ ದಾರಿ ತೋರುತ್ತದೆ. ಲಾಜರನು ನಿದ್ರಿಸುತ್ತಿದ್ದಾನೆಂದು ಯೇಸು ಹೇಳಿದಾಗ ಪ್ರಾಯಸ್ಥ ಶಿಷ್ಯರೇ ತಪ್ಪು ತಿಳಿದರು. ಆಗ ಆತನು ರೂಪಕವನ್ನು ಬದಿಗಿಟ್ಟು, ಲಾಜರನು ಸತ್ತನೆಂದು ಸ್ಪಷ್ಟವಾಗಿ ನುಡಿದನು, ಬಳಿಕ ಕಣ್ಣೀರಿಟ್ಟನು. ಶಿಷ್ಯರಿಗೇ ಬೇಕಾದ ಸ್ಪಷ್ಟತೆ ಐದರ ಮಗುವಿಗೆ ಬೇಡವೇ? ‘ಅಜ್ಜಿ ಮಲಗಿದ್ದಾಳೆ’ ಎಂಬ ಸಾಂತ್ವನ ಮಗುವಿನಲ್ಲಿ ನಿದ್ರೆಯ ಭಯವನ್ನೇ ಬಿತ್ತಬಹುದು.

ಹಾಡನ್ನು ಧರ್ಮೋಪದೇಶದ ತರಗತಿಯಿಂದ ಹೊರಗಿಡಬೇಕಿಲ್ಲ. ಕರುವಿನ ಪ್ರಶ್ನೆಗಳ ಬಳಿ ತುಸು ಹೊತ್ತು ನಿಂತು, ಅವುಗಳಿಗೆ ನಮ್ಮ ಧರ್ಮಕೇಂದ್ರದ ಮಂದಿ ಉತ್ತರವಾಗಬಲ್ಲರೇ ಎಂದು ಮೊದಲು ಕೇಳಿಕೊಳ್ಳಬೇಕು. ಭರವಸೆಯ ಮಾತಿಗೆ ಆಮೇಲೆ ಬಲ ಬರುತ್ತದೆ.