ಶಬ್ದಶೋಧನೆಯೂ ಗ್ರಂಥಪಠನವೂ

ಪ್ರಾಚೀನ ಕನ್ನಡ ಗ್ರಂಥಗಳು ಗಣಕಯಂತ್ರದ ಭಂಡಾರಗಳಲ್ಲಿ ಸೇರುತ್ತಿರುವುದು ಭಾಷಾಭಿಮಾನಿಗಳೆಲ್ಲರಿಗೂ ಸಂತೋಷದ ಸಂಗತಿಯೇ ಸರಿ. ಒಂದು ಕಾವ್ಯದ ಪದಸೂಚಿಯನ್ನು ಸಿದ್ಧಪಡಿಸಲು ಹಿಂದೆ ತಿಂಗಳುಗಟ್ಟಲೆ ಶ್ರಮಪಡಬೇಕಾಗಿತ್ತು. ಈಗ ಒಂದು ಶಬ್ದದ ಪ್ರಯೋಗಗಳೆಲ್ಲ ಕ್ಷಣಮಾತ್ರದಲ್ಲಿ ಕಣ್ಣೆದುರಿಗೆ ನಿಲ್ಲುತ್ತವೆ. ದೊಡ್ಡ ಪುಸ್ತಕಾಲಯಗಳಿಂದ ದೂರವಿರುವ ವಿದ್ಯಾರ್ಥಿಗೆ ಇದರಿಂದಾದ ಉಪಕಾರವು ಅಲ್ಪವಲ್ಲ. ಆದರೆ ಈ ಸೌಕರ್ಯದ ಜೊತೆಯಲ್ಲಿಯೇ, ಯಂತ್ರಕ್ಕೆ ಸಿಕ್ಕದ ಶಬ್ದವು ಗ್ರಂಥದಲ್ಲಿಯೇ ಇಲ್ಲವೆಂದು ತೀರ್ಮಾನಿಸುವ ಪದ್ಧತಿಯೂ ಬೆಳೆಯಬಹುದಾಗಿದೆ. ಇದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಮೊದಲನೆಯದಾಗಿ, ಯಂತ್ರವು ಹುಡುಕುವುದು ಅಕ್ಷರಗಳ ಸಾಲನ್ನು, ಶಬ್ದವನ್ನಲ್ಲ. ‘ಕನ್ನಡ’ ಎಂದು ಹುಡುಕಿದವನಿಗೆ ‘ಹಳಗನ್ನಡ’ವು ದೊರೆಯದು. ‘ತಾವರೆ’ಗಳನ್ನು ಎಣಿಸಹೊರಟವನ ಲೆಕ್ಕಕ್ಕೆ ‘ಕೆಂದಾವರೆ’ಯು ಬಾರದು. ‘ಹಗೆ’ ಎಂದು ಕೇಳಿದರೆ ಪೂರ್ವಕವಿಗಳ ‘ಪಗೆ’ಯು ಮರೆಯಾಗಿಯೇ ಉಳಿಯುವುದು. ಸಂಧಿಸಮಾಸಗಳನ್ನು ಬಿಡಿಸದೆ ಮಾಡಿದ ಗಣನೆಯು ಅಂಕಿಯ ವೇಷವನ್ನು ಧರಿಸಿದ ಊಹೆಯಷ್ಟೆ.

ಇದಕ್ಕಿಂತಲೂ ಗಂಭೀರವಾದ ದೋಷವು ಱಕಾರ ೞಕಾರಗಳಿಗೆ ಸಂಬಂಧಿಸಿದುದು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ‘ತೆರೆ’ ಎಂದರೆ ಅಲೆ, ‘ತೆಱೆ’ ಎಂದರೆ ಬಿಚ್ಚು. ಕೇಶಿರಾಜನು 13ನೆಯ ಶತಮಾನದಲ್ಲಿ ೞಕಾರವುಳ್ಳ ಶಬ್ದಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಿದ್ದಾನೆ. ಕಿಟ್ಟೆಲ್ಲರ 1894ರ ನಿಘಂಟಿನಲ್ಲಿಯೂ ಈ ಭೇದವನ್ನು ಪಾಲಿಸಲಾಗಿದೆ. ಈ ಎರಡು ಅಕ್ಷರಗಳಿಗೂ ಯೂನಿಕೋಡ್ ಸಂಕೇತದಲ್ಲಿ ಸ್ಥಾನವುಂಟು. ಅಲ್ಲಿ ೞಕಾರಕ್ಕೆ ಪ್ರಮಾದದಿಂದ ಫಕಾರವನ್ನು ಸೂಚಿಸುವ ಹೆಸರು ಬಿದ್ದುದೂ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಬೇಕಾದುದೂ ನಿಜ. ಆದರೆ ಅಕ್ಷರಕ್ಕೆ ಅದರಿಂದ ಹಾನಿಯಿಲ್ಲ. ಹಾನಿಯಾಗುವುದು ಪ್ರತಿಮಾಡುವವರು ಓದುವವರ ಅನುಕೂಲಕ್ಕೆಂದು ಱ, ೞಗಳನ್ನು ರ, ಳಗಳಾಗಿ ತಿದ್ದಿದಾಗ. ಹಾಗೆ ತಿದ್ದಿದ ವೀರಕಾವ್ಯವೊಂದರಲ್ಲಿ ‘ಬಾಳ್’ ಶಬ್ದವನ್ನು ಎಣಿಸಿದರೆ, ಕವಿಯು ಕತ್ತಿಯನ್ನು ಹೇಳಿದನೋ ಬದುಕನ್ನು ಹೇಳಿದನೋ ಲೆಕ್ಕದಿಂದ ತಿಳಿಯುವಂತಿಲ್ಲ. ಅಷ್ಟೇ ಅಲ್ಲ, ದ್ವಿತೀಯಾಕ್ಷರಪ್ರಾಸದಲ್ಲಿ ಈ ಅಕ್ಷರಗಳು ಶುದ್ಧವಾಗಿ ಬಂದಿವೆಯೇ ಬೆರೆತಿವೆಯೇ ಎಂಬುದು ಪದ್ಯದ ಕಾಲವನ್ನೂ ಪಾಠದ ಶುದ್ಧಿಯನ್ನೂ ಪರೀಕ್ಷಿಸಲು ಒಂದು ಸಾಧನ. ತಿದ್ದಿದ ಪ್ರತಿಯಲ್ಲಿ ಆ ಸಾಕ್ಷ್ಯವೇ ಅಳಿದುಹೋಗಿರುತ್ತದೆ.

ಇನ್ನು ಪಾಠದ ವಿಷಯ. ಪಂಪಭಾರತವನ್ನು ರೈಸ್ ಸಾಹೇಬರು 1898ರಲ್ಲಿ ಅಚ್ಚುಹಾಕಿಸಿದರು; ಸಾಹಿತ್ಯ ಪರಿಷತ್ತಿನ ಆವೃತ್ತಿಯು 1931ರಲ್ಲಿ ಹೊರಬಂದಿತು. ಭಂಡಾರದಲ್ಲಿರುವುದು ಯಾರ ಆವೃತ್ತಿಯೆಂದು ಅರಿಯದೆ ‘ಪಂಪನಲ್ಲಿ ಈ ಶಬ್ದವಿಲ್ಲ’ ಎನ್ನುವವನು, ವಾಸ್ತವವಾಗಿ ‘ಒಬ್ಬ ಸಂಪಾದಕನು ಅಂಗೀಕರಿಸಿದ ಪಾಠದಲ್ಲಿ ಈ ಶಬ್ದವಿಲ್ಲ’ ಎಂದಷ್ಟೇ ಹೇಳಬಲ್ಲನು. ಅಡಿಟಿಪ್ಪಣಿಯ ಪಾಠಾಂತರಗಳನ್ನು ಕೈಬಿಟ್ಟಿದ್ದರೆ ಅಷ್ಟನ್ನೂ ಧೈರ್ಯವಾಗಿ ಹೇಳುವಂತಿಲ್ಲ. ಅಲ್ಲಿಂದ ಮುಂದುವರಿದು 10ನೆಯ ಶತಮಾನದ ಕನ್ನಡದಲ್ಲಿಯೇ ಆ ಶಬ್ದವಿರಲಿಲ್ಲವೆನ್ನುವುದು ತಪ್ಪಿನ ಮೇಲೆ ತಪ್ಪನ್ನು ಪೇರಿಸಿದಂತೆ.

ಇಷ್ಟರಿಂದ ಯಂತ್ರಭಂಡಾರಗಳು ತ್ಯಾಜ್ಯವೆಂದು ಭಾವಿಸಬಾರದು. ಓಲೆಗರಿಯ ಲಿಪಿಕಾರನೂ ಅಚ್ಚುಮೊಳೆ ಜೋಡಿಸುವವನೂ ತಪ್ಪುಮಾಡಿದವರೇ. ಆ ತಪ್ಪುಗಳ ಸ್ವಭಾವವನ್ನು ತಿಳಿದುಕೊಂಡುದರಿಂದಲೇ ಗ್ರಂಥಸಂಪಾದನಶಾಸ್ತ್ರವು ಬೆಳೆಯಿತು. ಈ ಹೊಸ ಪ್ರತಿಗಳಿಗೂ ಅದೇ ಪರೀಕ್ಷೆಯು ಸಲ್ಲಬೇಕು. ಅಕ್ಷರರೂಪದ ಪಾಠದ ಪಕ್ಕದಲ್ಲಿ ಮೂಲಪುಟದ ಚಿತ್ರವಿರಲಿ. ಸಂಪಾದಕನ ಹೆಸರೂ ಆವೃತ್ತಿಯ ವರ್ಷವೂ ಕಾಣಲಿ. ಹಳೆಯ ಅಕ್ಷರಗಳೂ ಪಾಠಾಂತರಗಳೂ ಉಳಿಯಲಿ. ಸಂಶೋಧಕನು ಸಹ ತಾನು ಯಾವ ಪಾಠದಲ್ಲಿ, ಯಾವ ಯಾವ ರೂಪಗಳನ್ನು ಹುಡುಕಿದನೆಂಬುದನ್ನು ತನ್ನ ಲೇಖನದಲ್ಲಿ ಹೇಳಲಿ. ಶಬ್ದವಿರುವ ಸ್ಥಳವನ್ನು ಯಂತ್ರವು ತೋರಿಸಬಲ್ಲದು. ಆ ಸ್ಥಳದಲ್ಲಿ ನಿಂತು ಪದ್ಯವನ್ನು ಪೂರ್ತಿಯಾಗಿ ಓದುವ ಹೊಣೆಯು ಮಾತ್ರ ಹಿಂದಿನಂತೆಯೇ ವಿದ್ವಾಂಸನ ಮೇಲಿದೆ.